ಬೆನ್ನು ಎಂದು ಕೂಗಿದ ಮೇಲೆ

ಜನವರಿ 12

ಮರಿ,

ಈ ಕಾಗದವನ್ನು ನಿನಗಿಂತ ಮುಂಚೆ ಒಡೆದು ಓದುವ ಜೈಲಿನ ಸಾಹೇಬರಿಗೆ ಮೊದಲ ನಮಸ್ಕಾರ. ಸ್ವಾಮಿ, ಮೀಸೆ ಬಂದ ಮೇಲೆ ನಾನೇ ಕೂಡಿಸಿಕೊಂಡು ಕಲಿತ ಅಕ್ಷರ ಇದು, ಕೋಳಿ ಕೆದಕಿದ ಹಾಗಿದೆ. ಸೈರಿಸಿಕೊಂಡು ಓದಿ, ಆಮೇಲೆ ನನ್ನ ಅಳಿಯನ ಕೈಗೆ ಕೊಡಿ.

ತೀರ್ಪು ಬಂದ ದಿನ ನಿನ್ನ ಅಮ್ಮನನ್ನು ನಾನೇ ಮನೆಗೆ ಕರೆತಂದೆ. ಕೊಲೆಯತ್ನಕ್ಕೆ ಹತ್ತು ವರ್ಷ ಎಂಬ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು, "ಅಣ್ಣಾ, ಅವನ ಸ್ವೆಟರ್ ಕೊಡೋದೇ ಮರೆತೆವಲ್ಲ" ಎಂದಳು, ಅಷ್ಟೆ.

ನೀನು ಮಾತ್ರ ಎದೆಗುಂದಬೇಡ. ಹಳೆಯ ವಕೀಲ ಕೈಚೆಲ್ಲಿ ಕೂತ. ಈಗ ಒಬ್ಬ ವಕೀಲರಮ್ಮನನ್ನು ಹಿಡಿದಿದ್ದೇನೆ. ಮೇಲಿನ ಕೋರ್ಟಿಗೆ ಮನವಿ ಹಾಕಲು ಮಾರ್ಚ್ ಕೊನೆಯವರೆಗೆ ಅವಕಾಶ ಇದೆಯಂತೆ. ಅವರು ಕಾಗದಪತ್ರ ಪಕ್ಕಕ್ಕಿಟ್ಟು, "ಯಜಮಾನ್ರೇ, ಅದೆಲ್ಲ ಇರ್ಲಿ. ನಿಮ್ಮ ಗಾಜಿನ ಕಾರ್ಖಾನೇಲಿ ಕೆಲಸ ಹೇಗೆ ನಡೆಯುತ್ತೆ ಹೇಳಿ" ಎಂದರು. ನಾನು ಹೇಳಿದೆ: ಕುಲುಮೆಯಿಂದ ಕೊಳವೆಯ ತುದಿಯಲ್ಲಿ ಕಾದ ಗಾಜು ಎತ್ತಿಕೊಂಡು ಯಾರದಾದರೂ ಬೆನ್ನ ಹಿಂದೆ ಹಾಯುವವನು "ಬೆನ್ನು!" ಎಂದು ಕೂಗಬೇಕು. ಕೇಳಿದವನು ಇದ್ದಲ್ಲೇ ಕಲ್ಲಾಗಬೇಕು. ತಿರುಗುವ ಹಾಗಿಲ್ಲ, ಏಳುವ ಹಾಗಿಲ್ಲ. ಗಾಜು ಹಿಡಿದವನು ಬಳಸಿಕೊಂಡು ದಾಟುತ್ತಾನೆ. ನಿನಗೂ ನಿನ್ನ ಜೊತೆ ಕೆಲಸಕ್ಕೆ ಸೇರಿದ ಕಡ್ಡಿಗೂ ಕೊಳವೆ ಮುಟ್ಟಿಸುವ ಮೊದಲೇ ನಾನು ಕಲಿಸಿದ್ದು ಇದನ್ನಲ್ಲವೇ?

ವಕೀಲರಮ್ಮ ಪೆನ್ನು ಕೆಳಗಿಟ್ಟರು. "ಆ ದಿನ ನಿಮ್ಮ ಅಳಿಯ ಕೂಗಿದ್ರಾ?"

"ಕೂಗ್ದೆ ಇರ್ತಾನಾ? ಸ್ಟೇಷನ್‌ನಲ್ಲೇ ನನ್ನ ಹತ್ರ ಹೇಳಿದ್ನಲ್ಲ."

"ಮತ್ತೆ ಕೊಲ್ಲೋಕೆ ಹೊರಟವನು ಎಚ್ಚರಿಕೆ ಕೂಗಿ ಹೋಗ್ತಾನೇನ್ರಿ? ಇದನ್ನ ಕೆಳಗಿನ ಕೋರ್ಟಲ್ಲಿ ಯಾಕೆ ಯಾರೂ ಬಾಯ್ಬಿಡ್ಲಿಲ್ಲ?"

ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅವರು ಒಂದು ಅಫಿಡವಿಟ್ಟು ಬರೆಯುತ್ತಾರಂತೆ. ಅಷ್ಟು ಕಾಲ ಮೇಸ್ತ್ರಿಯಾಗಿದ್ದ ನಾನು ಪ್ರಮಾಣ ಮಾಡಿ ಸಹಿ ಹಾಕಿದರೆ ಮನವಿಗೆ ಅದೇ ಬೆನ್ನೆಲುಬು ಎನ್ನುತ್ತಾರೆ. ನೀನು ನಡೆದದ್ದನ್ನು ನಡೆದ ಹಾಗೆ ಒಂದು ಸಲ ಬರೆದು ಕಳಿಸು. ಕೇಳಲು ಬರೋಣವೆಂದರೆ ಮಂಡಿ ಕೇಳುತ್ತಿಲ್ಲ, ಬಸ್ಸು ಎರಡು ಬದಲಿಸಬೇಕು.

ನಿನ್ನ ಮಾವ

*

ಜನವರಿ 24

ಮಾವ,

ಸಾಹೇಬರು ನಿಮ್ಮ ಕಾಗದ ಕೊಡುವಾಗ ನಗುತ್ತಿದ್ದರು. ಸ್ವೆಟರ್ ಬೇಡ, ಇಲ್ಲಿ ಬಣ್ಣದ ಬಟ್ಟೆ ಬಿಡುವುದಿಲ್ಲ ಎಂದು ಅಮ್ಮನಿಗೆ ಹೇಳಿ.

ನಡೆದದ್ದು ಇಷ್ಟು. ಬೆಳಿಗ್ಗೆ ಮಾತಿಗೆ ಮಾತು ಬೆಳೆದದ್ದು ನಿಜ. ನೀವು ಕೆಲಸ ಬಿಟ್ಟ ಮೇಲೆ ಮಾಲೀಕರು ನಿಮ್ಮ ಮೇಸ್ತ್ರಿ ಬೆಂಚನ್ನು ಕಡ್ಡಿಗೆ ಕೊಟ್ಟರಲ್ಲ, ಅದರ ಮೇಲೆ ಕಾಲು ಅಗಲಿಸಿ ಕೂತು, ಎಲ್ಲರ ಎದುರು, "ಲೋ, ಇನ್ಮೇಲೆ ನಾನು ಕೇಳಿದಾಗ ಗಾಜು ತರೋದು, ನಾನು ಹೇಳಿದಾಗ ಊದೋದು, ಅಷ್ಟೇ ನಿನ್ನ ಕೆಲಸ" ಅಂದ. ನಾನೂ ಅಂದೆ. ಅದನ್ನೇ ಕೋರ್ಟಿನಲ್ಲಿ ದೊಡ್ಡದು ಮಾಡಿದರು.

ಮಧ್ಯಾಹ್ನ ಗಾಜು ಎತ್ತಿಕೊಂಡು ಬಂದೆ. ಬೆನ್ನು ಎಂದು ಕೂಗಿದೆ. ಅವನು ಎದ್ದ. ಎದ್ದು ಹಿಂದಕ್ಕೆ ಬಂದ. ಗಾಜು ಅವನ ಕುತ್ತಿಗೆಗೆ ತಗುಲಿತು. ಇದರಲ್ಲಿ ನನ್ನ ತಪ್ಪೇನು?

ವಕೀಲರಮ್ಮನ ಅಫಿಡವಿಟ್ಟಿಗೆ ಬೇಗ ಸಹಿ ಹಾಕಿ. ಇಲ್ಲಿ ಮಂಚ ಕಿಟಕಿಯ ಕೆಳಗಿದೆ, ಕಿಟಕಿಗೆ ಗಾಜಿಲ್ಲ. ನಗು ಬರುತ್ತದೆ.

ಒಂದು ಮಾತು ಕೇಳಬೇಕು. ಬೆಂಚು ಕಡ್ಡಿಗೆ ಕೊಡಿ ಎಂದು ಮಾಲೀಕರ ಕಿವಿಯಲ್ಲಿ ಹಾಕಿದವರು ಯಾರು? ನಿಮಗೆ ಗೊತ್ತಿರಲೇಬೇಕು.

ನಿಮ್ಮ ಅಳಿಯ

*

ಫೆಬ್ರವರಿ 3

ಮರಿ,

ನಿನ್ನ ಕಾಗದ ತಲುಪಿತು. ನಿನ್ನ ಅಮ್ಮ ಅದನ್ನು ಓದಿಸಿಕೊಂಡು, ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಮಲಗುವಾಗ ಕಾಗದ ಕರಕರ ಎನ್ನುತ್ತದೆ ಎಂದು ತಾನೇ ಗೊಣಗುತ್ತಾಳೆ, ತೆಗೆಯಲು ಮಾತ್ರ ಬಿಡುವುದಿಲ್ಲ.

ಅಫಿಡವಿಟ್ಟು ತಯಾರಾಗಿದೆ, ಮೇಜಿನ ಮೇಲಿದೆ. ಸಹಿ ಆಗಿಲ್ಲ. ನನ್ನ ಕಣ್ಣಿಗೆ ಡಾಕ್ಟರು ಏನೋ ಔಷಧಿ ಬಿಟ್ಟಿದ್ದಾರೆ, ಎಲ್ಲ ಮಸುಕು ಮಸುಕು. ಓದದೆ ಪ್ರಮಾಣ ಮಾಡುವುದು ಸರಿಯಲ್ಲ ಅಲ್ಲವೇ? ಸ್ವಲ್ಪ ತಡೆದುಕೋ.

ಅಷ್ಟರಲ್ಲಿ ಒಂದೆರಡು ಸಣ್ಣ ವಿಷಯ ಬರೆ. ವಕೀಲರಮ್ಮ ಕೇಳಬಹುದು. ಕಡ್ಡಿ ಎದ್ದಾಗ ಕೈಯಲ್ಲಿ ಚಿಮಟ ಇತ್ತೇ, ಕೆಳಗಿಟ್ಟಿದ್ದನೇ? ಎಡಕ್ಕೆ ಎದ್ದನೋ ಬಲಕ್ಕೋ? ಬೆಂಚಿನ ತೋಳುಗಳ ನಡುವೆ ಕೂತವನು ಹಿಂದಕ್ಕೆ ಬರಬೇಕಾದರೆ ಮೊದಲು ಒಂದು ಕಾಲು ಹೊರಗೆ ಹಾಕಬೇಕು, ಯಾವ ಕಾಲು ಹಾಕಿದ? ಎದ್ದದ್ದು ಯಾಕೆ? ಯಾರಾದರೂ ಕರೆದರೇ?

ಸುಮ್ಮನೆ ಕೇಳಿದೆ. ಬೇಜಾರು ಮಾಡಿಕೊಳ್ಳಬೇಡ. ಬೆಂಚಿನ ಸಂಗತಿ ಹಳೆಯದಾಯಿತು, ಈಗ ಕೆದಕಿ ಏನು ಪ್ರಯೋಜನ?

ಸಾಹೇಬರೇ, ಕಿಟಕಿಗೆ ಒಂದು ರಟ್ಟನ್ನಾದರೂ ಅಡ್ಡ ಕಟ್ಟಿಸಿ, ಹುಡುಗನಿಗೆ ಚಿಕ್ಕಂದಿನಿಂದ ಕಿವಿನೋವು.

ಮಾವ

*

ಫೆಬ್ರವರಿ 13

ಮಾವ,

ಅಮ್ಮ ಭೇಟಿಗೆ ಬಂದಿದ್ದಳು. ನಿಮ್ಮ ಕಣ್ಣು ಹೇಗಿದೆ ಎಂದು ಕೇಳಿದೆ. "ಕಣ್ಣಿಗೇನಾಗಿದೆ? ಕಡ್ಡಿ ಮನೆಗೆ ವಾರಕ್ಕೊಂದ್ಸಲ ಹೋಗಿ ಬರ್ತಾನೆ, ಪೇಪರ್ ಓದಿ ಹೇಳ್ತಾನಂತೆ ಅವನಿಗೆ" ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನನ್ನ ಹತ್ತಿರ ಹೇಳಬೇಡ ಎಂದು ನೀವು ಹೇಳಿದ್ದಿರಂತೆ.

ಇಲ್ಲಿಗೆ ಬರಲು ಮಂಡಿ ನೋವು. ಅವನ ಮನೆಯ ಮೆಟ್ಟಿಲು ಹತ್ತಲು ನೋವಿಲ್ಲ. ನನ್ನ ಕಾಗದ ಓದಲು ಕಣ್ಣು ಮಸುಕು. ಅವನಿಗೆ ಪೇಪರ್ ಓದಲು ಮಸುಕಿಲ್ಲ.

ಯಾವ ಕಾಲು, ಯಾವ ಕೈ ಎಂದು ಕೇಳುತ್ತೀರಿ. ಪೊಲೀಸರೂ ಹೀಗೇ ಕೇಳಿದ್ದರು, ಆದರೆ ಅವರು "ಬೇಜಾರು ಮಾಡಿಕೊಳ್ಳಬೇಡ" ಎನ್ನಲಿಲ್ಲ. ಈ ಪ್ರಶ್ನೆ ವಕೀಲರಮ್ಮನದಲ್ಲ. ನಾನು ಅವರನ್ನು ಫೋನಿನಲ್ಲಿ ಕೇಳಿದೆ. ನೀವು ಯಾಕೆ ಸಹಿ ಹಾಕಿಲ್ಲವೆಂದು ಅವರಿಗೂ ಗೊತ್ತಿಲ್ಲ.

ಮಾಲೀಕರು ನಿಮಗೆ ಏನು ಹೇಳಿ ಕಳಿಸಿದ್ದಾರೆ? ಕಾರ್ಖಾನೆಯ ಹೆಸರು ಕೆಡದಿರಲಿ, ತಪ್ಪು ಒಬ್ಬನ ತಲೆಗೇ ಇರಲಿ ಎಂದೇ? ಬೆಂಚು ಅವನಿಗೆ ಕೊಡಿಸಿದವರು ನೀವೇ ಎಂದು ನನಗೆ ಮೊದಲಿನಿಂದಲೂ ಅನುಮಾನ. ಈಗ ನನ್ನ ಹತ್ತು ವರ್ಷವನ್ನೂ ಅವನಿಗೇ ಕೊಟ್ಟುಬಿಡಿ.

ಸಹಿ ಹಾಕುತ್ತೀರೋ ಇಲ್ಲವೋ, ಅದೊಂದು ಬರೆಯಿರಿ. ಬೇರೆ ಏನೂ ಬೇಡ.

*

ಫೆಬ್ರವರಿ 20

ಮರಿ,

ಕಣ್ಣು ಚೆನ್ನಾಗಿದೆ. ಸುಳ್ಳು ಹೇಳಿದೆ. ಮಾಲೀಕ ಯಾವ ಮಾತನ್ನೂ ಹೇಳಿ ಕಳಿಸಿಲ್ಲ, ಅವನು ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾನೆ.

ಬೆಂಚಿನ ಮಾತು. ಹೌದು, ನಾನೇ. ಯಾರಿಗೆ ಕೊಡಲಿ ಎಂದು ಕೇಳಿದ, ಕಡ್ಡಿಗೆ ಎಂದೆ. ನಿನ್ನ ಉಸಿರು ದೊಡ್ಡದು, ಆದರೆ ಬೆಂಚಿಗೆ ಬೇಕಾದದ್ದು ಕಣ್ಣು, ಅದು ಅವನಲ್ಲಿದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ನಿನ್ನ ಅಮ್ಮನ ಮುಖ ನೋಡಿ ಬಾಯಿಬಿಡಲಿಲ್ಲ, ಅಷ್ಟೆ.

ಇನ್ನು ಕಡ್ಡಿಯ ಮನೆಗೆ ಯಾಕೆ ಹೋದೆ ಎಂಬುದು. ಮೊದಲ ಸಲ ಹೋದದ್ದು ನಿನ್ನ ಕಾಗದ ಬಂದ ಮೇಲೆ. 'ಅವನು ಎದ್ದ' ಎಂದು ಬರೆದಿದ್ದೆಯಲ್ಲ, ಕೋರ್ಟಿನಲ್ಲಿ ಕೇಳಿದಾಗ ಹೊಳೆಯದ್ದು ಕಾಗದದಲ್ಲಿ ಕೂಗಿನ ಪಕ್ಕದಲ್ಲೇ ಕಂಡಾಗ ಚುಚ್ಚಿತು. ವಕೀಲರಮ್ಮನ ಅಫಿಡವಿಟ್ಟಿನಲ್ಲಿ ನನ್ನದೇ ಮಾತು ಇದೆ, ಬೆನ್ನು ಎಂದರೆ ಕೇಳಿದವನು ಕಲ್ಲಾಗುತ್ತಾನೆ ಎಂದು. ಅದಕ್ಕೆ ಸಹಿ ಹಾಕಿದವನು 'ಆದರೆ ಆ ದಿನ ಕಡ್ಡಿ ಎದ್ದ' ಎಂದು ನಂಬುವುದು ಹೇಗೆ? ಅವನು ಸುಳ್ಳುಗಾರನೋ ನೀನೋ ನೋಡೋಣ ಎಂದು ಹೋದೆ. ಅವನ ಮೇಲೂ ಅನುಮಾನ ಇತ್ತು.

ಅವನ ಕುತ್ತಿಗೆ ಈಗ ತಿರುಗುವುದಿಲ್ಲ. ಯಾರನ್ನಾದರೂ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾನೆ. ಎಡಗಿವಿ ಹೋಗಿದೆ, ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಆದರೂ, "ಬನ್ನಿ ಮೇಸ್ತ್ರಿ, ಬಲಗಡೆ ಕೂತ್ಕೊಳ್ಳಿ, ಎಡಗಡೆ ಅಂಗಡಿ ಮುಚ್ಚಿದೆ" ಎಂದು ತಾನೇ ನಗುತ್ತಾನೆ. ಕೇಸಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೇಪರ್ ಓದಿದೆ, ಚಹಾ ಕುಡಿದೆ, ಬಂದೆ. ಮತ್ತೆ ಹೋದೆ. ಮತ್ತೂ ಹೋದೆ.

ಹೋದ ವಾರ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಅವನ ಹೆಂಡತಿ ಬಟ್ಟೆ ಹರವಲು ಹೋಗಿದ್ದಳು. ನಾನು ಒಲೆಯ ಮೇಲಿದ್ದ ಕೆಟಲ್ ಎತ್ತಿಕೊಂಡು ಅವನ ಹಿಂದೆ ಹಾಯುತ್ತಾ, ಕಾರ್ಖಾನೆಯಲ್ಲಿ ಕೂಗುತ್ತಿದ್ದ ದನಿಯಲ್ಲೇ "ಬೆನ್ನು!" ಎಂದು ಕೂಗಿದೆ. ಅಭ್ಯಾಸದಿಂದ ಬಾಯಿಗೆ ಬಂತು ಎಂದು ನಿನಗೆ ಬರೆಯಬಹುದಿತ್ತು. ಅಲ್ಲ. ಬೇಕೆಂದೇ ಕೂಗಿದೆ.

ಮರಿ, ಅವನು ಕಲ್ಲಾದ. ಬಾಯಿಯ ಹತ್ತಿರ ಹೋಗುತ್ತಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಕುತ್ತಿಗೆಯ ಸುಟ್ಟ ಚರ್ಮ ನಡುಗುತ್ತಿತ್ತು, ಹಣೆಯಲ್ಲಿ ಬೆವರು ಒಡೆಯಿತು, ಆದರೂ ಕೂತಲ್ಲಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಅಷ್ಟೆಲ್ಲ ಆದ ಮೇಲೂ! ನಾನು ಕೆಟಲ್ ಕೆಳಗಿಟ್ಟ ಸದ್ದು ಕೇಳಿದ ಮೇಲೇ ಉಸಿರು ಬಿಟ್ಟ. ಆಮೇಲೆ ಇಡೀ ಮೈ ತಿರುಗಿಸಿ ನನ್ನನ್ನೇ ನೋಡಿ ಹೇಳಿದ: "ಮೇಸ್ತ್ರಿ, ಅದಕ್ಕೇ ಬಂದ್ರಾ ನೀವು? ಕೇಳಿದ್ರೆ ಹೇಳ್ತಿದ್ನಲ್ಲ. ಕೋರ್ಟಲ್ಲಿ ಬೆಳಗಿನ ಜಗಳ ಬಿಟ್ಟು ಇನ್ನೇನೂ ನನ್ನ ಕೇಳ್ಲಿಲ್ಲ. ಆ ದಿನ ಅವನು ಕೂಗ್ದ. ನಾನು ನೀವು ಕಲಿಸಿದ ಹಾಗೆ ಕೂತಿದ್ದೆ. ಅಲ್ಲಾಡ್ಲಿಲ್ಲ."

ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. "ಯಜಮಾನ್ರೇ, ನೀವು ದೊಡ್ಡವರು, ಹೆಚ್ಚು ಮಾತಾಡಲ್ಲ. ಇನ್ನು ಈ ಕಡೆ ಬರಬೇಡಿ" ಎಂದಳು. ಅವಳು ಹೇಳಿದ್ದು ಸರಿ.

ಈಗ ನೀನು ಹೇಳು. ನನ್ನ ಅನುಮಾನ ಎಲ್ಲಿಯವರೆಗೆ ಹೋಗಿದೆ ಎಂದರೆ, ಅವನು ಕೂತಲ್ಲಿಂದ ಕದಲದಿರಲಿ ಎಂದೇ ನೀನು ಕೂಗಿದೆಯೋ ಎನ್ನುವಷ್ಟು. ಹಾಗಿದ್ದರೆ ಹತ್ತು ವರ್ಷವೂ ಕಡಿಮೆಯೇ. ಇದನ್ನು ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ. ನಿನ್ನ ಉತ್ತರ ಬರುವವರೆಗೆ ಸಹಿ ಇಲ್ಲ.

ಮಾವ

*

ಮಾರ್ಚ್ 8

ಮರಿ,

ಉತ್ತರವಿಲ್ಲ. ನಿನ್ನ ಅಮ್ಮ ಭೇಟಿಗೆ ಬಂದರೆ ನೀನು ಹೊರಗೇ ಬರಲಿಲ್ಲವಂತೆ. ಅವಳು ತಂದ ಬಿಸ್ಕತ್ತಿನ ಪೊಟ್ಟಣ ಹಾಗೇ ವಾಪಸು ತಂದು ನನ್ನ ಮುಂದೆ ಕುಕ್ಕಿ, "ಏನು ಬರೆದೆ ಅವನಿಗೆ? ತಾಯಿಯ ಮುಖ ನೋಡೋಕೂ ಬರದ ಹಾಗೆ ಏನು ಬರೆದೆ?" ಎಂದಳು. ಹೇಳಲಿಲ್ಲ. ಅಣ್ಣ ತಂಗಿ ಒಂದೇ ಮನೆಯಲ್ಲಿದ್ದು ಗೋಡೆಗೆ ಹೇಳುವಂತೆ ಮಾತಾಡಿಕೊಳ್ಳುತ್ತಿದ್ದೇವೆ. "ಚಹಾ ಆಗಿದೆ, ಬೇಕಾದವರು ಕುಡೀಬಹುದು."

ವಕೀಲರಮ್ಮ ಫೋನು ಮಾಡಿದ್ದರು. "ನಿಮ್ಮ ಸಹಿ ಇಲ್ಲದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ಯಜಮಾನ್ರೇ" ಎಂದರು. ನನಗೆ ನಿದ್ದೆ ಇಲ್ಲ. ಬೈದಾದರೂ ಒಂದು ಸಾಲು ಬರೆ.

ಸಾಹೇಬರೇ, ಹುಡುಗ ಊಟ ಮಾಡುತ್ತಿದ್ದಾನೆಯೇ?

ಮಾವ

*

ಮಾರ್ಚ್ 17

ಮಾವ,

ಸಹಿ ಹಾಕಬೇಡಿ.

ಅವನು ಏಳಲಿಲ್ಲ. ಎದ್ದ ಎಂದು ಮೊದಲು ಪೊಲೀಸರಿಗೆ ಹೇಳಿದೆ, ಆಮೇಲೆ ಹಳೆಯ ವಕೀಲನಿಗೆ, ಆಮೇಲೆ ಕೋರ್ಟಿನಲ್ಲಿ. ಹೇಳಿ ಹೇಳಿ ಅವನು ಎದ್ದದ್ದು ನನಗೇ ಕಣ್ಣಿಗೆ ಕಟ್ಟಿದ ಹಾಗೆ ಕಾಣತೊಡಗಿತ್ತು. ಯಾವ ಕಾಲು ಹೊರಗೆ ಹಾಕಿದ ಎಂದು ನೀವು ಕೇಳಿದಿರಿ ನೋಡಿ, ಆಗ ಹುಡುಕಿದೆ, ಕಾಲು ಸಿಗಲಿಲ್ಲ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಆದರೆ ನೀವು ಬರೆದದ್ದೂ ಸುಳ್ಳು. ಅವನನ್ನು ಕೂರಿಸಿ ಹೊಡೆಯಲು ನಾನು ಕೂಗಲಿಲ್ಲ. ದಾಟಿ ಹೋಗಲೆಂದೇ ಕೂಗಿದೆ. ದಿನಾ ಕೂಗುವ ಹಾಗೆ. ಅವನು ಕಲ್ಲಾದ. ತಲೆ ಕೂಡ ಹೊರಳಿಸಲಿಲ್ಲ. ಬೆಳಿಗ್ಗೆ ನನ್ನನ್ನು ಅಷ್ಟು ಹೀಯಾಳಿಸಿದವನು, ಅವನನ್ನು ಕೊಂದುಬಿಡುತ್ತೇನೆ ಎಂದು ನಾನು ಅಂದದ್ದನ್ನು ಕೇಳಿದವನು, ನಾನೇ ಬೆಂಕಿ ಹಿಡಿದುಕೊಂಡು ಹಿಂದೆ ಬರುತ್ತಿದ್ದೇನೆಂದು ಗೊತ್ತಿದ್ದೂ ಆರಾಮಾಗಿ ಕೂತಿದ್ದ. ಅವನು ಹೆದರುವುದಕ್ಕೂ ನಾನು ಲಾಯಕ್ಕಿಲ್ಲವೇ ಅನ್ನಿಸಿತು. ಬಳಸಿಕೊಂಡು ಇಡಬೇಕಾದ ಹೆಜ್ಜೆಯನ್ನು ನೆಟ್ಟಗೆ ಇಟ್ಟೆ. ಅಷ್ಟೇ ಹೊತ್ತು. ಕೂಗಿದ್ದಕ್ಕೂ ಹೆಜ್ಜೆಗೂ ನಡುವೆ ಉಸಿರೆಳೆಯುವಷ್ಟು.

ಹೆದರದೆ ಕೂತದ್ದು ನನ್ನ ಮೇಲಿನ ತಿರಸ್ಕಾರ ಎಂದುಕೊಂಡಿದ್ದೆ. ನಿಮ್ಮ ಕೆಟಲಿನ ಸಂಗತಿ ಓದಿದ ಮೇಲೆ ಹಾಗಲ್ಲವೇನೋ ಅನ್ನಿಸುತ್ತಿದೆ. ಅಮ್ಮನಿಗೆ ಏನೆಂದು ಹೇಳಲಿ ಎಂದು ತಿಳಿಯದೆ ಹೊರಗೆ ಬರಲಿಲ್ಲ.

ಇದನ್ನು ಸಾಹೇಬರೂ ಓದುತ್ತಾರೆ. ಓದಲಿ. ಇನ್ನು ನಾನು ಬೇಕೆಂದರೂ ನನ್ನ ಮಾತಿನಲ್ಲಿ ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸಲಾಗುವುದಿಲ್ಲ.

ಮನವಿ ಬಿಟ್ಟುಬಿಡಿ.

*

ಮಾರ್ಚ್ 22

ಮರಿ,

ನಿನ್ನ ಕಾಗದವನ್ನು ವಕೀಲರಮ್ಮನಿಗೆ ತೋರಿಸಿದೆ. ಓದಿ ಮುಖ ಗಂಟು ಹಾಕಿಕೊಂಡು ಕೂತರು. "ನನ್ನ ಕೇಸನ್ನ ಮಾವ ಅಳಿಯ ಸೇರಿ ಅಂಚೆಯಲ್ಲೇ ಮುಗಿಸಿಬಿಟ್ರಿ" ಎಂದರು. ಆಮೇಲೆ ಅವರೇ ಎದ್ದು ಪುಸ್ತಕ ತೆಗೆದರು. ನಾನು ಮಾಡಿಲ್ಲ ಎಂದು ಮನವಿ ಹಾಕುವುದು ಒಂದು ಬಗೆಯಂತೆ. ಮಾಡಿದ್ದೇನೆ, ಆದರೆ ಮೊದಲೇ ಸಂಚು ಹೂಡಿ ಮಾಡಿದ್ದಲ್ಲ, ಶಿಕ್ಷೆ ನೋಡಿ ಎಂದು ಕೇಳುವುದು ಇನ್ನೊಂದು. ಎರಡನೆಯದಕ್ಕೆ ಇನ್ನೂ ಸಮಯವಿದೆ. ಆದರೆ ಅದಕ್ಕೆ ನೀನು ಅವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು, ಕಡ್ಡಿಯನ್ನೂ ಕರೆಸುತ್ತಾರೆ.

ನಾನು ನನ್ನ ಪಾಲಿನ ಅಫಿಡವಿಟ್ಟು ಬದಲಿಸಿ ಸಹಿ ಹಾಕಿದೆ. ಕೂಗಿದವನು ಬಳಸಿ ದಾಟಬೇಕು, ಕೇಳಿದವನು ಕಲ್ಲಾಗಬೇಕು, ಕಡ್ಡಿ ಕಲ್ಲಾಗುವವನೇ, ಇಷ್ಟು. ಇದು ನಿನಗೆ ಎಷ್ಟು ನೆರವೋ ಅಷ್ಟೇ ತೊಡಕು.

ಕೂಗಿಗೂ ಹೆಜ್ಜೆಗೂ ನಡುವೆ ನಿನ್ನೊಳಗೆ ಏನಾಯಿತೋ ಅದಕ್ಕೆ ನಾನು ಸಾಕ್ಷಿಯಲ್ಲ. ನಿಜ ಹೇಳುತ್ತೇನೆ, ಅದನ್ನು ನಂಬಬೇಕೋ ಬೇಡವೋ ಇನ್ನೂ ತಿಳಿಯುತ್ತಿಲ್ಲ. ಒಂದು ಸಲ ಅವನು ಎದ್ದ ಎಂದೆ, ಈಗ ಉಸಿರೆಳೆಯುವಷ್ಟು ಹೊತ್ತು ಎನ್ನುತ್ತೀಯೆ. ಇದೂ ಶಿಕ್ಷೆ ಇಳಿಸುವುದಕ್ಕೆ ಅಳತೆ ಮಾಡಿ ಹೊಲಿದಂತಿದೆ. ಹೊಲಿದದ್ದಲ್ಲದಿದ್ದರೆ ಕಡ್ಡಿ ಕೇಳುವ ಹಾಗೆ ನೀನೇ ಹೇಳು. ಮನವಿ ಬಿಡಬೇಡ. ಬಿಟ್ಟರೆ ಅದೂ ಒಂದು ಬಗೆಯ ತಪ್ಪಿಸಿಕೊಳ್ಳುವುದೇ.

ನಿನ್ನ ಅಮ್ಮನಿಗೆ ನಾನೇ ಓದಿ ಹೇಳಿದೆ. ಅವಳು ಅದನ್ನೂ ಮಡಚಿ ದಿಂಬಿನ ಕೆಳಗಿಟ್ಟು, "ಮುಂದಿನ ಸಲ ಹೊರಗೆ ಬಾ ಅಂತ ಬರಿ" ಎಂದಳು.

ಮಾವ

*

ಆಗಸ್ಟ್ 6

ಮರಿ,

ಕೋರ್ಟಿನಲ್ಲಿ ನಡೆದದ್ದು ನಿನಗೆ ಗೊತ್ತು. ನಿನಗೆ ಕಾಣದಿದ್ದದ್ದನ್ನು ಮಾತ್ರ ಬರೆಯುತ್ತೇನೆ.

ಕಡ್ಡಿ ಹಿಂದಿನ ಸಾಲಿನಲ್ಲಿ ಎಡಗಿವಿ ಗೋಡೆಗೆ ಕೊಟ್ಟು ಕೂತಿದ್ದ, ಬಲಗಿವಿ ನಿನ್ನ ಕಡೆಗಿತ್ತು. ನೀನು "ಅವನು ಹೆದರಲಿಲ್ಲ ಅಂತ ಸಿಟ್ಟು ಬಂತು" ಎಂದಾಗ ಅವನ ಹೆಂಡತಿ ಎದ್ದು ಹೊರಗೆ ಹೋದಳು. ಅವನು ಏಳಲಿಲ್ಲ. ನಿನ್ನ ಅಮ್ಮ ಉದ್ದಕ್ಕೂ ಸೆರಗಿನ ಅಂಚು ಹಿಂಡುತ್ತಿದ್ದಳು.

ಹತ್ತನ್ನು ಏಳಕ್ಕೆ ಇಳಿಸಿದ್ದನ್ನು ಜಡ್ಜರು ಓದಿದ ಮೇಲೆ ಮೊಗಸಾಲೆಯಲ್ಲಿ ಕಡ್ಡಿ ಎದುರು ಸಿಕ್ಕ. ನಾನು ಪಕ್ಕಕ್ಕೆ ಸರಿದೆ, ಅವನೇ ನಿಂತ.

"ಮೇಸ್ತ್ರಿ, ಈ ಸಲ ನಿಜ ಹೇಳ್ದ ಅನ್ಸುತ್ತಾ ನಿಮಗೆ?"

"ಗೊತ್ತಿಲ್ಲಪ್ಪಾ."

"ನಂಗೂ ಗೊತ್ತಿಲ್ಲ. ನಾನು ಎದ್ದೆ ಅನ್ನೋದನ್ನ ಬಿಟ್ಟನಲ್ಲ, ಅಷ್ಟಾದ್ರೂ ಆಯ್ತು" ಎಂದ. ಸ್ವಲ್ಪ ದೂರ ಹೋಗಿ, ಇಡೀ ಮೈ ತಿರುಗಿಸಿ, "ಮನೆ ಕಡೆ ಬನ್ನಿ, ಅವಳಿಗೆ ನಾನು ಹೇಳ್ತೀನಿ" ಎಂದ.

ಮರಿ, ನನ್ನ ಮಂಡಿಗೆ ನೋವಿರುವುದು ನಿಜ. ಆದರೆ ಇಷ್ಟು ದಿನ ನಿನ್ನ ಹತ್ತಿರ ಬಾರದಿದ್ದದ್ದು ಅದಕ್ಕಲ್ಲ. ಎದುರು ಕೂತರೆ ನೀನು ಹೇಳಿದ್ದನ್ನೆಲ್ಲ ನಂಬಿಬಿಡುತ್ತೇನೆ ಎಂಬ ಭಯ. ಕಾಗದದ ಮೇಲಾದರೆ ಅನುಮಾನಪಡುವುದು ಸುಲಭ. ಅದಕ್ಕೆ ಮುಖವಿಲ್ಲ, ಕಿವಿನೋವಿಲ್ಲ. ಮೊನ್ನೆ ಕೋರ್ಟಿನಲ್ಲೂ ನಮ್ಮ ಸಾಲಿಗೆ ಕಂಡದ್ದು ನಿನ್ನ ಅಂಗಿಯ ಹಿಂಭಾಗ ಮಾತ್ರ. ಮುಖ ಕಂಡದ್ದು ಜಡ್ಜರಿಗೆ. ಅವರು ಮೂರು ವರ್ಷದಷ್ಟು ನಂಬಿದರು. ನಾನೆಷ್ಟು ನಂಬಬಹುದೋ ನೋಡಬೇಕು.

ಇನ್ನು ಕಾಗದ ಸಾಕು. ಸಾಹೇಬರೇ, ನಿಮಗೂ ಈ ಅಕ್ಷರದಿಂದ ಬಿಡುಗಡೆ. ಭಾನುವಾರ ನಿನ್ನ ಅಮ್ಮನ ಜೊತೆ ನಾನೂ ಬರುತ್ತೇನೆ. ಅವಳು ಬಿಸ್ಕತ್ತು ಕೊಟ್ಟು, ಅತ್ತು, ಎಲ್ಲ ಮುಗಿಸಲಿ. ಆಮೇಲೆ ಮೇಜಿನ ಆಚೆ ನನ್ನೆದುರು ಕೂತು, ಗಾಜು ಎತ್ತಿಕೊಂಡಲ್ಲಿಂದ ಹಿಡಿದು ಎಲ್ಲವನ್ನೂ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ. ಹೆಜ್ಜೆ ನೆಟ್ಟಗೆ ಇಟ್ಟ ಜಾಗ ಬಂದಾಗ ಮಾತ್ರ ತಲೆ ತಗ್ಗಿಸಬೇಡ.

ಮಾವ